ಅತ್ತೆಯವರಿಗಾಗಿ ಹಾಕಿಸಿದ ಕಪ್ಪು ಗಾಜು

ನಮ್ಮ ಕಾರಿನ ಗಾಜುಗಳಿಗೆ ಕಪ್ಪು ಫಿಲ್ಮ್ ಅಂಟಿಸಿದ್ದು ಶೋಕಿಗಲ್ಲ. ಶೋಕಿಗೆ ಹಾಕಿಸುವವರು ಸೊಲ್ಲಾಪುರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮದು ಹಳೆಯ ಬಿಳಿ ಕಾರು; ಡಿಕ್ಕಿಯಲ್ಲಿ ಯಾವಾಗಲೂ ನಮ್ಮ ಟಾವೆಲ್ ಅಂಗಡಿಯ ಗಂಟುಗಳು, ಬಾಗಿಲಿಗೆ ಆಟೋ ಉಜ್ಜಿದ ಗೀರು. ಅದಕ್ಕೆ ಕಪ್ಪು ಗಾಜು ಒಪ್ಪುತ್ತಲೂ ಇರಲಿಲ್ಲ. ಹಾಕಿಸಿದ್ದು ನಮ್ಮ ಅತ್ತೆಯವರಿಗಾಗಿ.

ಎಪ್ಪತ್ತು ದಾಟಿದ ಮೇಲೆ ಅತ್ತೆಯವರಿಗೆ ಬಿಸಿಲು ಆಗದಂತಾಯಿತು. ಮೊದಲು ಮೂಗಿನ ಎರಡೂ ಬದಿ ಕೆಂಪಾಯಿತು. ಕುಂಕುಮ ಒಗ್ಗುತ್ತಿಲ್ಲವೇನೋ ಎಂದು ಕುಂಕುಮ ಬದಲಿಸಿದೆವು. ಆಮೇಲೆ ಅದು ಕೆನ್ನೆಗೆ ಹರಡಿತು, ಮುಂಗೈಗೆ ಬಂತು. ಬಿಸಿಲಲ್ಲಿ ಹೋಗಿ ಬಂದ ದಿನ ಉರಿ ತಾಳಲಾರದೆ ಒದ್ದೆ ಟಾವೆಲನ್ನು ಮುಖದ ಮೇಲೆ ಹಾಕಿಕೊಂಡು ಮಲಗುತ್ತಿದ್ದರು. ಚರ್ಮದ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಇದು ಬಿಸಿಲು ತಾಕಿದರೆ ಕೆರಳುವ ಕಾಯಿಲೆ, ಗುಳಿಗೆಯಿಂದ ಹತೋಟಿಯಲ್ಲಿಡಬಹುದು, ಆದರೆ ಬಿಸಿಲಿನಿಂದ ದೂರವಿರಬೇಕು ಎಂದರು. ಸೊಲ್ಲಾಪುರದಲ್ಲಿ ಯಾರಿಗಾದರೂ ಬಿಸಿಲಿನಿಂದ ದೂರವಿರು ಎಂದರೆ ಮನೆಯೊಳಗೇ ಇರು ಎಂದ ಹಾಗೆ.

ಗುಳಿಗೆಯಿಂದ ಉರಿ ಕಡಿಮೆಯಾಯಿತು. ಕಲೆ ಉಳಿಯಿತು. ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಚಾಚಿದ ಕಂದು ಕಲೆ. ಅತ್ತೆಯವರು ಅದನ್ನೂ ಮೊದಮೊದಲು ಲೆಕ್ಕಕ್ಕಿಟ್ಟಿರಲಿಲ್ಲ. ಆದರೆ ನಮ್ಮ ನೆಂಟರ ಕಡೆಯ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಹೆಂಗಸು, "ಇದು ಹತ್ತತೈತೇನ್ರಿ?" ಎಂದು ಕೇಳಿದಳು. ಅಂಟುರೋಗವೇ ಎಂಬ ಅರ್ಥದಲ್ಲಿ. ಅತ್ತೆಯವರು "ಇಲ್ಲವ್ವ" ಎಂದರು. ಆಕೆ "ಹಾಂ ಹಾಂ" ಎನ್ನುತ್ತಲೇ ತನ್ನ ಮಗಳ ತಾಟನ್ನು ಆಚೆ ಬದಿಗೆ ಸರಿಸಿಕೊಂಡಳು. ನಾನು ಎದುರಿನ ಸಾಲಿನಲ್ಲಿದ್ದೆ, ಕಣ್ಣಾರೆ ನೋಡಿದೆ. ಅತ್ತೆಯವರು ಬಡಿಸಿದ್ದನ್ನೆಲ್ಲ ಊಟ ಮಾಡಿದರು, ಮದುಮಕ್ಕಳಿಗೆ ಅಕ್ಷತೆ ಹಾಕಿದರು, ನಗುತ್ತಲೇ ಮನೆಗೆ ಬಂದರು. ಆಮೇಲೆ ಎಲ್ಲಿಗೂ ಹೋಗಲಿಲ್ಲ.

ಎಲ್ಲಿಗೂ ಎಂದರೆ ಎಲ್ಲಿಗೂ. ತಿಂಗಳಿಗೊಮ್ಮೆ ಅಕ್ಕಲಕೋಟೆಗೆ ದರ್ಶನಕ್ಕೆ ಹೋಗುವುದು ಬಿಟ್ಟರು. ತವರುಮನೆ ಮೈಂದರ್ಗಿಯಿಂದ ತಮ್ಮ ಕರೆದರೆ ಮೊಣಕಾಲು ನೋವೆಂದರು. ಮನೆಗೆ ಯಾರಾದರೂ ಬಂದರೆ ದೇವರ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ನನ್ನ ಗಂಡನಿಗೆ ಅವ್ವನ ಈ ಸ್ಥಿತಿ ನೋಡಲಾಗಲಿಲ್ಲ. ಒಂದು ದಿನ ನನಗೂ ಹೇಳದೆ ಕಾರು ತೆಗೆದುಕೊಂಡು ಹೋಗಿ, ಪಕ್ಕದ ನಾಲ್ಕು ಗಾಜಿಗೂ ಹಿಂದಿನ ಗಾಜಿಗೂ ಕಪ್ಪು ಫಿಲ್ಮ್ ಹಾಕಿಸಿಕೊಂಡು ಬಂದರು.

"ಇಷ್ಟು ಕರ್ರಗ? ಪೋಲೀಸ್ರು ಬಿಡ್ತಾರೇನು?" ಎಂದೆ.

"ದಂಡದ ಪಾವತಿ ಹರದ್ರ ಹರೀಲಿ, ನಾ ಕಟ್ತೀನಿ. ಅವ್ವ ಹೊರಗ ಬಂದ್ರ ಸಾಕು ನನಗ."

ಅವರ ಮಾತು ಸುಳ್ಳಾಗಲಿಲ್ಲ. ಅತ್ತೆಯವರು ಹೊರಗೆ ಬಂದರು. ಮೊದಲ ದಿನ ಊರೊಳಗೇ ಒಂದು ಸುತ್ತು ಹಾಕಿಸಿದೆ. ಹಿಂದಿನ ಸೀಟಿನಲ್ಲಿ ಕೂತವರು ಮಗುವಿನಂತೆ ಗಾಜಿಗೆ ಹಣೆ ಹಚ್ಚಿ ನೋಡಿದರು. ಬಾಗಿಲು ಮುಚ್ಚಿದ ಹಳೆಯ ಬಳೆ ಅಂಗಡಿ, ಹೊಸದಾಗಿ ಎದ್ದ ಮಳಿಗೆ, ರಸ್ತೆ ದಾಟುತ್ತಿದ್ದ ಪರಿಚಯದ ಹೆಂಗಸು, ಎಲ್ಲವನ್ನೂ ತೋರಿಸಿ ಮಾತಾಡಿದರು. "ನಾ ಎಲ್ಲಾರ್ನೂ ನೋಡ್ತೀನಿ, ನನ್ನ ಯಾರೂ ನೋಡಂಗಿಲ್ಲ. ಛಲೋ ಆತು," ಎಂದರು. ಅಂದು ರಾತ್ರಿ ಅವರು ಒಂದು ರೊಟ್ಟಿ ಹೆಚ್ಚಿಗೆ ತಿಂದದ್ದನ್ನು ನನ್ನ ಗಂಡ ಮರುದಿನ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದಾರೆ.

ಹೀಗಿರುವಾಗ ಗಾಜು ಕಪ್ಪಾಯಿತು, ನನಗೆ ಕಾಣುವುದಿಲ್ಲ ಎಂದು ಹೇಗೆ ಹೇಳುವುದು?

ಆದರೆ ಕಾಣುತ್ತಿರಲಿಲ್ಲ. ಕಾರು ನಡೆಸುವವಳು ನಾನು. ನನ್ನ ಗಂಡ ಬೆಳಿಗ್ಗೆ ಸ್ಕೂಟರಿನಲ್ಲಿ ಅಂಗಡಿಗೆ ಹೋದರೆ ಬರುವುದು ರಾತ್ರಿ. ನಲವತ್ತು ದಾಟಿದ ಮೇಲೆ ಕಲಿತ ಡ್ರೈವಿಂಗ್ ನನ್ನದು. ಧೈರ್ಯಕ್ಕಿಂತ ಎಚ್ಚರವೇ ಜಾಸ್ತಿ. ನಡುಹಗಲಲ್ಲಿ ಏನೂ ತೊಂದರೆ ಇರಲಿಲ್ಲ, ನಿಜ ಹೇಳಬೇಕೆಂದರೆ ಹಾಯೆನಿಸುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಸ್ಟೇರಿಂಗ್ ಮುಟ್ಟಿದರೆ ಕೈ ಸುಡುವ ಊರು ಇದು. ಕಪ್ಪು ಗಾಜು ಬಂದ ಮೇಲೆ ಬಲಗೈ ಮೇಲೆ ಬೀಳುತ್ತಿದ್ದ ಬಿಸಿಲು ನಿಂತಿತು, ಏಸಿ ಬೇಗ ತಂಪಾಗತೊಡಗಿತು. ಕಷ್ಟವೆಲ್ಲ ಹೊತ್ತು ಇಳಿದ ಮೇಲೆ. ಪಕ್ಕದ ಕನ್ನಡಿ ಹೊರಗಿದೆ, ಅದನ್ನು ನೋಡಬೇಕಾದದ್ದು ಕಪ್ಪು ಗಾಜಿನ ಮೂಲಕ. ಮುಸ್ಸಂಜೆಯಲ್ಲಿ ಅದರೊಳಗೆ ದೀಪವಿರುವ ಗಾಡಿ ಮಾತ್ರ ಕಾಣುತ್ತಿತ್ತು. ದೀಪವಿಲ್ಲದ ಸೈಕಲ್ಲು, ರಸ್ತೆಯ ಅಂಚಿಗೆ ನಡೆಯುವ ಮನುಷ್ಯ, ದನ, ಯಾವುದೂ ಇಲ್ಲ. ಅಕ್ಕಲಕೋಟೆ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳು ಶುರುವಾದರೆ ಕೇಳುವುದೇ ಬೇಡ. ವಳಸಂಗದ ಹತ್ತಿರ ಎಡಗಡೆಯಿಂದ ಒಬ್ಬ ಮೋಟಾರ್ ಸೈಕಲ್ಲಿನವನು ಎಲ್ಲಿಂದ ಬಂದನೆಂದು ತಿಳಿಯುವ ಮೊದಲೇ ನನ್ನ ಮುಂದೆ ಹಾದು ಹೋದ.

ಅದಕ್ಕೇ ಸಂಜೆ ಆಗುತ್ತಲೇ ಮುಂದಿನ ಎರಡೂ ಗಾಜು ಇಳಿಸುತ್ತಿದ್ದೆ. ಹಿಂದಿನಿಂದ ಕೂಡಲೇ ದನಿ ಬರುತ್ತಿತ್ತು, ಗಾಜಿಗೆ ಅವರು ಕಾಚ ಎನ್ನುತ್ತಾರೆ: "ಕಾಚ ಏರಸು ಯವ್ವಾ, ಮಂದಿ ನೋಡಾಕತ್ತಾರ."

"ಅತ್ತಿಯವರ, ನನಗ ಕಾಣವಲ್ದರಿ."

"ಸಾವಕಾಶ ಹೊಡಿ. ಏನ್ ಅವಸರ ಐತಿ?"

ಗಂಡನಿಗೆ ಹೇಳಿದೆ. ಮುಂದಿನ ಎರಡು ಗಾಜಿನದನ್ನಾದರೂ ತೆಗೆಸೋಣ ಎಂದೆ. ಅವರು ಹಗಲು ಹೊತ್ತು ಎರಡು ಸಲ ಓಡಿಸಿ ನೋಡಿ, "ಎಲ್ಲಾ ಕಾಣತದಲ್ಲ. ಮುಂದಿಂದು ತಗದ್ರ ಒಳಗ ಕೂತಾವ್ರು ಕಾಣಂಗಿಲ್ಲೇನು? ಅವ್ವ ಮತ್ತ ಮನ್ಯಾಗ ಕೂಡ್ತಾಳ. ನೀನ ವಿಚಾರ ಮಾಡು," ಎಂದರು. ವಿಚಾರ ಮಾಡಿದೆ. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ, ನನ್ನ ಮಾತಿನಲ್ಲೂ ಸುಳ್ಳಿರಲಿಲ್ಲ. ಅತ್ತೆಯವರನ್ನು ಕತ್ತಲಾಗುವ ಮೊದಲೇ ಮನೆ ಮುಟ್ಟಿಸುವುದು ಎಂದು ನನ್ನಷ್ಟಕ್ಕೆ ನಿಯಮ ಮಾಡಿಕೊಂಡೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮೈಂದರ್ಗಿಯಿಂದ ಅತ್ತೆಯವರ ತಮ್ಮ ಫೋನ್ ಮಾಡಿದರು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ, ಅಕ್ಕ ಬರಲೇಬೇಕು, ಹೆಸರು ಅಕ್ಕನೇ ಕರೆಯಬೇಕು ಎಂದು. ಅತ್ತೆಯವರು ಎರಡು ದಿನ ಹಾಂ ಹೂಂ ಎನ್ನಲಿಲ್ಲ. ಮೂರನೆಯ ದಿನ, "ಹಿತ್ತಲ ಬಾಗಲಾಗ ಗಾಡಿ ಹಚ್ಚತಿ ಅಂದ್ರ ಬರ್ತೀನಿ," ಎಂದರು.

ಹಾಗೇ ಹಚ್ಚಿದೆ. ಅವರ ತಮ್ಮನ ಮನೆಯ ಹಿಂದೆ ದೊಡ್ಡ ಅಂಗಳ, ಒಂದು ಬೇವಿನ ಗಿಡ, ಗೋಡೆಗುಂಟ ಜೋಳದ ಕಣಿಕೆಯ ಬಣವೆ. ಕಾರಿನ ಮೂತಿ ಮನೆಯ ಕಡೆ, ಬೆನ್ನು ಬೀದಿಯ ಕಡೆ. ಅತ್ತೆಯವರು ತಲೆತುಂಬ ಸೆರಗು ಹೊದ್ದು ಬಾಗಿಲಿಂದ ಬಾಗಿಲಿಗೆ ಇಳಿದು ಒಳಗೆ ಹೋದರು. ಒಳಕೋಣೆಯಲ್ಲೇ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಕಿವಿಯಲ್ಲಿ ಹೆಸರು ಉಸುರಿದರು. ನಡುಮನೆಯಲ್ಲಿ ಹೆಂಗಸರು ಸೇರತೊಡಗುತ್ತಲೇ, "ನಾ ಗಾಡ್ಯಾಗ ಕೂಡ್ತೀನಿ, ನೀ ಊಟ ಮಾಡಿ ಬಾ," ಎಂದು ನನ್ನ ಕಿವಿಯಲ್ಲಿ ಹೇಳಿ ಹಿತ್ತಲಿಗೆ ನಡೆದರು. ಇಂಜಿನ್ ಚಾಲೂ ಮಾಡಿ, ಏಸಿ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಂದೆ. ಅವರ ಊಟವನ್ನು ಆ ಮನೆಯ ಸೊಸೆ, ವರಸೆಯಲ್ಲಿ ನನಗೆ ನಾದಿನಿ, ಒಂದು ಡಬ್ಬಿಯಲ್ಲಿ ಕಟ್ಟಿದರು.

ಊಟ, ಅರಿಶಿನ ಕುಂಕುಮ, ಉಡಿ ತುಂಬುವುದು ಎಲ್ಲ ಮುಗಿಸಿ ಹೊರಗೆ ಬರುವಷ್ಟರಲ್ಲಿ ಬಿಸಿಲು ಬಣವೆಯ ಮೇಲೇರಿ ಕೂತಿತ್ತು. ಬೇವಿನ ಗಿಡದ ಕೆಳಗೆ ಆಗಲೇ ಮಬ್ಬು. ನಾನು ಮನೆಯ ಕಡೆಯಿಂದ ಬಂದವಳು ನೇರ ಹೋಗಿ ಚಾಲಕನ ಸೀಟಿನಲ್ಲಿ ಕೂತೆ. ಇಂಜಿನ್ ಓಡುತ್ತಲೇ ಇತ್ತು. ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ರಿವರ್ಸ್ ಹಾಕಿ, ತಲೆಯ ಮೇಲಿನ ಕನ್ನಡಿ ನೋಡಿದೆ. ಹಿಂದಿನ ಗಾಜು ಮಸಿ ಬಳಿದ ಹಲಗೆಯಂತೆ ಕಂಡಿತು. ನಮ್ಮದರಲ್ಲಿ ಕ್ಯಾಮೆರಾ ಇಲ್ಲ, ಕುಂಯ್ ಎನ್ನುವ ಸಾಧನವೂ ಇಲ್ಲ.

"ಅತ್ತಿಯವರ, ಹಿಂದ ಯಾರರ ಅದಾರೇನು ನೋಡ್ರಿ."

ಅವರು ತಿರುಗಿ ನೋಡಿದರು. "ಯಾರೂ ಕಾಣಂಗಿಲ್ಲ. ನಡಿ."

ಕಾಣುವುದಿಲ್ಲ ಎಂಬ ಮಾತು ನನಗೆ ಸಾಲಲಿಲ್ಲ. ನನ್ನ ಬದಿಯ ಗಾಜು ಇಳಿಸಿ ತಲೆ ಹೊರಗೆ ಹಾಕಿದೆ. ಹಿತ್ತಲ ಬಾಗಿಲಲ್ಲಿ ಎರಡು ಮೂರು ಹೆಂಗಸರು ನಮ್ಮನ್ನು ಕಳಿಸಲು ಬಂದು ನಿಂತಿದ್ದರು.

"ಕಾಚ ಏರಸು," ಅತ್ತೆಯವರು ಸೆರಗು ಎಳೆದುಕೊಂಡು ಗದರಿದರು. "ಅವ್ರು ಇತ್ಲಾಗ ನೋಡಾಕತ್ತಾರ."

"ಒಂದ್ ನಿಮಿಷರಿ."

ಬ್ರೇಕ್ ಮೇಲಿನ ಕಾಲು ಸ್ವಲ್ಪ ಸಡಿಲಿಸಿದೆ. ಕಾರು ಅಲುಗಿತು. ಆಗಲೇ ಹಿಂದಿನಿಂದ ಯಾರೋ ಗಟ್ಟಿಯಾಗಿ ಸೀನಿದ ಸದ್ದು ಕೇಳಿತು. ದೂರದಿಂದಲ್ಲ, ನನ್ನದೇ ಕಾರಿನ ಬುಡದಿಂದ ಬಂದಂತೆ.

ಬ್ರೇಕ್ ಒತ್ತಿದೆ, ಹ್ಯಾಂಡ್‌ಬ್ರೇಕ್ ಎಳೆದೆ, ಇಂಜಿನ್ ಆರಿಸಿದೆ. ಬಾಗಿಲು ತೆಗೆದು ಇಳಿಯುವಾಗ ನನ್ನ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿತು. ಹಿಂದೆ ಹೋಗಿ ನೋಡಿದರೆ, ಒಬ್ಬ ಮುದುಕಿ. ಕಾರಿನ ನೆರಳಿನಲ್ಲಿ, ನೆಲದ ಮೇಲೆ, ಕಾಲು ಚಾಚಿಕೊಂಡು, ಬಂಪರಿಗೆ ಗೇಣು ದೂರದಲ್ಲಿ ಬೆನ್ನು ಮಾಡಿ ಕುಳಿತಿದ್ದರು. ಕೈಯಲ್ಲಿ ತಪಕೀರಿನ, ಅಂದರೆ ನಶ್ಯದ, ಸಣ್ಣ ಡಬ್ಬಿ. ಮೂಗು ಒರೆಸಿಕೊಳ್ಳುತ್ತಾ ನನ್ನನ್ನು ತಲೆಯೆತ್ತಿ ನೋಡಿ, "ಯಾಕವ್ವ, ಗಾಡಿ ತಗೀಬೇಕೇನು?" ಎಂದರು.

ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೈ, ಕಾಲು, ಬೆನ್ನು ಮುಟ್ಟಿ ನೋಡಿದೆ. ಏನೂ ಆಗಿರಲಿಲ್ಲ. ಕಾರು ಅಲುಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. "ಎಲ್ಲೆ ನೋವಾಗೇತ್ರಿ? ಹತ್ತೇತೇನ್ರಿ?" ಎಂದು ಎರಡು ಸಲ ಕೇಳಿದ ಮೇಲೆ, ಕಿವಿಗೆ ಕೈ ಹಚ್ಚಿ, "ಜರಾ ಜೋರಲೆ ಹೇಳು, ನನಗ ಕೇಳಂಗಿಲ್ಲ," ಎಂದರು. ಓಡುತ್ತಿದ್ದ ಇಂಜಿನ್ನಿನ ಸದ್ದೂ ಅವರಿಗೆ ಕೇಳಿರಲಿಲ್ಲ.

ಹಿತ್ತಲ ಬಾಗಿಲಿನ ಹೆಂಗಸರು ಓಡಿ ಬಂದರು. ನಾದಿನಿ ಹಣೆ ಹಣೆ ಬಡಿದುಕೊಂಡರು: "ಅಯ್ಯ ಆಯಿ, ಇಲ್ಲ್ಯಾಕ ಕುಂತೀರಿ?"

"ಯಾಕ ಅಂದ್ರ? ಸೊಲ್ಲಾಪುರದಾಕಿ ಬಂದಾಳ ಅಂದ್ರು. ನೋಡಿ ಹೋಗೂನು ಅಂತ ಬಂದೆ. ಮನ್ಯಾಗ ಬರೇ ಗದ್ದಲ. ಗಾಡಿ ಇಲ್ಲೇ ನಿಂತೇತಿ, ಇಲ್ಲೆ ಬರಬೇಕಲ್ಲ ಅಕಿ ಅಂತ ನೆಳ್ಳಿಗೆ ಕುಂತೆ."

"ಅವರು ಗಾಡ್ಯಾಗ ಅದಾರರಿ!" ಎಂದೆ.

"ಗಾಡ್ಯಾಗ?" ಮುದುಕಿ ಕಾರಿನತ್ತ ಕೈ ತೋರಿಸಿದರು. "ನಾ ಕಣ್ಣಿಗೆ ಕೈ ಹಚ್ಚಿ ನೋಡೀನಿ. ಒಳಗ ಬರೇ ಕರ್ರಗ ಐತಿ. ಯಾರೂ ಇಲ್ಲ."

ಅತ್ತೆಯವರು ಆ ಹೊತ್ತಿನಲ್ಲಿ ಇನ್ನೊಂದು ಬದಿಯ ಗಾಜಿಗೆ ಹಣೆ ಹಚ್ಚಿ ಕೂತಿದ್ದರಂತೆ. ಗಾಜಿನ ಈಚೆಗೆ ಯಾರೋ ಬಗ್ಗಿದ್ದು ಅವರ ಗಮನಕ್ಕೆ ಬಂದಿರಲಿಲ್ಲ.

ಕಾರಿನ ಹಿಂದಿನ ಬಾಗಿಲು ತೆರೆಯಿತು. ಅತ್ತೆಯವರು ಇಳಿದರು. ಗಾಬರಿಯಲ್ಲಿ ಸೆರಗು ಹೆಗಲಿಗೆ ಜಾರಿತ್ತು, ಅದನ್ನು ಏರಿಸಿಕೊಳ್ಳುವುದು ಅವರಿಗೆ ನೆನಪಾಗಲಿಲ್ಲ. ಕಾರನ್ನು ಹಿಡಿದುಕೊಂಡು ಹಿಂದೆ ಬಂದು, ನೆಲದ ಮೇಲೆ ಕೂತಿದ್ದವರನ್ನು ನೋಡಿದರು.

"ನೀ?" ಎಂದರು. "ನೀ ಇದ್ದೇನು ಇಲ್ಲೆ?"

ಅವರಿಬ್ಬರೂ ಸಣ್ಣಂದಿನಿಂದ ಗೆಳತಿಯರು, ಒಂದೇ ಓಣಿಯವರು, ಒಟ್ಟಿಗೆ ಶೇಂಗಾ ಬಿಡಿಸಲು ಹೊಲಕ್ಕೆ ಹೋದವರು ಎಂದು ನನಗೆ ಆಮೇಲೆ ತಿಳಿಯಿತು. ಆಗ ಕಂಡದ್ದು ಇಷ್ಟೇ: ನನ್ನ ಅತ್ತೆಯವರು ಆ ಧೂಳಿನಲ್ಲಿ, ರೇಷ್ಮೆ ಸೀರೆಯಲ್ಲಿ, ಗೆಳತಿಯ ಪಕ್ಕಕ್ಕೆ ಧೊಪ್ಪೆಂದು ಕೂತುಬಿಟ್ಟರು. ಅವರ ಎರಡೂ ಕೈ ಹಿಡಿದುಕೊಂಡು ಅತ್ತರು. ಆ ಮುದುಕಿಗೆ ಯಾಕೆ ಅಳುತ್ತಿದ್ದಾರೆಂದು ಪೂರ್ತಿ ತಿಳಿಯಲಿಲ್ಲ. ಭೇಟಿಯಾಗಿ ಬಹಳ ದಿನವಾದ ಸಂತೋಷಕ್ಕೆ ಎಂದುಕೊಂಡು, "ಇರಲಿ, ಇರಲಿ, ಬಂದೀ ಅಲ್ಲ," ಎಂದು ಬೆನ್ನು ತಟ್ಟಿದರು. ಸ್ವಲ್ಪ ಹೊತ್ತಾದ ಮೇಲೆ ಅತ್ತೆಯವರ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

"ಮಾರಿಗೆ ಏನಾಗೇತಿ?"

"ಬಿಸಿಲಿಗೆ ಆಗೇತಿ."

"ಉರೀತೇತೇನು?"

"ಮೊದಲ ಉರೀತಿತ್ತು. ಈಗ ಇಲ್ಲ."

"ಮತ್ತ ಬಿಡು," ಎಂದು ಮುದುಕಿ ತಪಕೀರಿನ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆಯ ಸಂಚಿಗೆ ಸೇರಿಸಿ, ಕೈ ಊರಿ ಎದ್ದರು. "ಏಳು, ಕಟ್ಟಿ ಮ್ಯಾಲೆ ಕೂಡೂನು. ನಿನ್ನ ಸೀರಿ ಹೊಲಸ ಆತು."

ಅಷ್ಟೇ. ವರ್ಷಾನುಗಟ್ಟಲೆ ಯಾರ ಕಣ್ಣಿಗೂ ಬೀಳಬಾರದೆಂದು ಕಾಪಾಡಿಕೊಂಡು ಬಂದ ಮುಖದ ಬಗ್ಗೆ ಅವರ ಗೆಳತಿ ಕೇಳಿದ್ದು ಎರಡೇ ಪ್ರಶ್ನೆ. ಬೇವಿನ ಗಿಡದ ಕಟ್ಟೆಯ ಮೇಲೆ ಇಬ್ಬರೂ ಕೂತರು. ನಾದಿನಿ ಚಹಾ ತಂದರು. ಒಬ್ಬೊಬ್ಬರೇ ಹೆಂಗಸರು ಬಂದು ಅತ್ತೆಯವರ ಕಾಲು ಮುಟ್ಟಿದರು. ಕೆಲವರು ಮುಖ ನೋಡಿದರು, ಒಬ್ಬಾಕೆ ಔಷಧ ಏನು ಎಂದು ಕೇಳಿದಳು, ಅತ್ತೆಯವರು ಹೇಳಿದರು. ನಾನು ನೀರು ಕುಡಿದೆ. ಮತ್ತೊಂದು ತಂಬಿಗೆ ನೀರು ಕುಡಿದೆ. ಮುದುಕಿ ಚಹಾ ಬಸಿಗೆ ಸುರಿದುಕೊಂಡು ಊದಿ ಕುಡಿಯುವುದನ್ನು ನೋಡುವುದೇ ನನಗೆ ಆ ಹೊತ್ತಿನ ದೇವದರ್ಶನವಾಗಿತ್ತು.

ಹೊರಡುವಾಗ ಹೊತ್ತು ಮುಳುಗಿತ್ತು. ನಾನು ಕೇಳದೆಯೇ ನಾಲ್ಕೂ ಗಾಜು ಇಳಿಸಿದೆ. ಅತ್ತೆಯವರು ಸೆರಗನ್ನು ಹೆಗಲ ಮೇಲೇ ಬಿಟ್ಟು ಕೂತರು. ಅಕ್ಕಲಕೋಟೆ ದಾಟಿತು. ಗಾಳಿಗೆ ಅವರ ಸೆರಗು ಪಟಪಟ ಎನ್ನುತ್ತಿತ್ತು. ವಳಸಂಗದ ದೀಪಗಳು ಕಾಣುವಾಗ ಮಾತಾಡಿದರು.

"ನಿನಗ ಯಾವಾಗ್ಲೂ ಹಿಂಗ ಕಾಣಂಗಿಲ್ಲೇನು?"

"ಸಂಜಿ ಆದ್ರ ಕಾಣಂಗಿಲ್ಲರಿ."

"ಮತ್ತ ಹೇಳಬಾರದಾ ನನಗ?"

"ಹೇಳಿದ್ನಲ್ಲರಿ, ಅತ್ತಿಯವರ."

"ಹೇಳಿದ್ದಿ. ಖರೇ," ಎಂದರು. ಮತ್ತೆ, "ಅಕಿ ಸೀನದಿದ್ರ ಏನ್ ಆಗ್ತಿತ್ತವ್ವಾ," ಎಂದರು. ನಾನು ಗಾಡಿ ಇನ್ನಷ್ಟು ನಿಧಾನ ಮಾಡಿದೆ. "ತಗಸಿಬಿಡು ಇದನ್ನ," ಎಂದರು.

ಮನೆಯಲ್ಲಿ ನಡೆದದ್ದನ್ನೆಲ್ಲ ಕೇಳಿ ನನ್ನ ಗಂಡ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟರು. ತೆಗೆಸುವುದರಲ್ಲಿ ಅವರಿಗೆ ಎರಡು ಮಾತಿರಲಿಲ್ಲ. ಉಳಿದ ಚಿಂತೆ ಬಿಸಿಲಿನದು. ಮಂದಿಯ ಕಣ್ಣಿನ ಅಂಜಿಕೆ ಮೈಂದರ್ಗಿಯಲ್ಲಿ ಸಡಿಲವಾಗಿರಬಹುದು, ಆದರೆ ಕಾಯಿಲೆ ಹೋಗಿರಲಿಲ್ಲ. ಬರೀ ಗಾಜಿನಲ್ಲಿ ಕೂರಿಸಿಕೊಂಡು ಹೋಗಿ ಮತ್ತೆ ಉರಿ ಎದ್ದರೆ? ಆ ವಾರವೇ ಅತ್ತೆಯವರನ್ನು ಡಾಕ್ಟರ ಹತ್ತಿರ ತೋರಿಸುವುದಿತ್ತು. ಕೇಳಿಯೇ ಬಿಡೋಣವೆಂದು ಮೂವರೂ ಹೋದೆವು.

ಡಾಕ್ಟರು ಸಮಾಧಾನದ ಹೆಂಗಸು. ನಾವು ಹೇಳಿದ್ದೆಲ್ಲ ಕೇಳಿ, "ಕಪ್ಪು ಇದ್ರ ಬಿಸಿಲು ತಡೀತದ ಅಂತ ಯಾರ್ ಹೇಳಿದ್ರು?" ಎಂದರು. ಚರ್ಮಕ್ಕೆ ಕೇಡು ಮಾಡುವ ಕಿರಣ ಬೇರೆ, ಕಣ್ಣಿಗೆ ಕಾಣುವ ಬೆಳಕು ಬೇರೆ. ಕಡಿಮೆ ದರ್ಜೆಯ ಕಪ್ಪು ಹಾಳೆ ಬೆಳಕನ್ನಷ್ಟೇ ತಡೆದು ಆ ಕಿರಣವನ್ನು ಬಿಟ್ಟರೂ ಬಿಡಬಹುದು. ನೋಡಲು ಬಿಳಿ ಗಾಜಿನಂತೆಯೇ ಇದ್ದು ಆ ಕಿರಣವನ್ನು ತಡೆಯುವ ಹಾಳೆಗಳಿವೆ, ಕಾಯಿದೆ ಒಪ್ಪುವಂಥದ್ದನ್ನು ಕೇಳಿ ಹಾಕಿಸಿ ಎಂದರು. ಜೊತೆಗೆ ತುಂಬುತೋಳಿನ ಕುಪ್ಪಸ, ಮುಖಕ್ಕೆ ಮುಲಾಮು, ನಡುಮಧ್ಯಾಹ್ನದ ಪ್ರಯಾಣ ಬೇಡ. ಅತ್ತೆಯವರತ್ತ ತಿರುಗಿ, "ಆಜಿ, ಹಿಂದಿನ ಸೀಟಿನಾಗ ನಡುವ ಕೂಡ್ರಿ, ಬಾಗಿಲಿಗೆ ಹತ್ತಿ ಕೂಡಬ್ಯಾಡ್ರಿ. ಎಲ್ಲಾ ಕಡೆ ತಿರುಗಾಡ್ರಿ," ಎಂದರು.

ಹೊರಗೆ ಬಂದು ನನ್ನ ಗಂಡ ಮೆಟ್ಟಿಲ ಮೇಲೆ ನಿಂತು ನಕ್ಕೇಬಿಟ್ಟರು. "ಇಷ್ಟ ಇತ್ತು! ಇದನ್ನ ಮೊದಲ ಕೇಳಿದ್ದರ..." ಎಂದರು. ನನಗೂ ನಗು ಬಂತು. ಅತ್ತೆಯವರ ತಿರುಗಾಟ, ನನ್ನ ನೋಟ, ಎರಡರಲ್ಲಿ ಒಂದನ್ನು ಬಿಡಲೇಬೇಕೆಂದು ಇಷ್ಟು ದಿನ ಮನಸ್ಸಿನಲ್ಲೇ ತೂಗಿ ತೂಗಿ ಸೋತಿದ್ದೆ.

ಕಪ್ಪು ಹಾಳೆ ಕೀಳುವ ದಿನ ಮರಾಠಿ ಶಾಲೆಗೆ ಹೋಗುವ ನಮ್ಮ ಮಗಳೂ ನನ್ನ ಜೊತೆ ಬಂದಳು. ಬಿಸಿಗಾಳಿ ಹಿಡಿದು ಮೂಲೆಯಿಂದ ಎಳೆದರೆ ಪಕ್ಕದ ಗಾಜಿನದು ಸರಾಗ ಬಂತು. ಹಿಂದಿನ ಗಾಜಿನದು ತುಂಡು ತುಂಡಾಗಿ ಕಿತ್ತು, ಅಂಟು ಉಜ್ಜುವುದರಲ್ಲೇ ಅರ್ಧ ದಿನ ಹೋಯಿತು. ಎಲ್ಲ ಮುಗಿದು ಒಳಗೆ ಕೂತಾಗ ಮಗಳು, "ಮಮ್ಮೀ, ಗಾಡಿ ಕೇವಢೀ ಮೋಠೀ ವಾಟತೇ!" ಎಂದು ಕೂಗಿದಳು. ಗಾಡಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು. ನಿಜವಾಗಿಯೂ ಕಾಣುತ್ತಿತ್ತು. ಸೀಟಿನ ಧೂಳೂ ಕಾಣುತ್ತಿತ್ತು, ಅದು ಬೇರೆ ಮಾತು.

ಹೊಸ ಹಾಳೆ ಹಾಕಿಸಿದ ಮೇಲೂ ಕಾರು ಮೊದಲಿಗಿಂತ ಹೆಚ್ಚು ಕಾಯುತ್ತದೆ. ಸುಳ್ಳು ಹೇಳುವುದಿಲ್ಲ, ಈ ಬೇಸಿಗೆಯಲ್ಲಿ ಎಷ್ಟೋ ಸಲ ಆ ಕಪ್ಪು ತಂಪನ್ನು ನೆನೆಸಿಕೊಂಡಿದ್ದೇನೆ. ಅತ್ತೆಯವರೂ ಎರಡು ವಾರ ಹೊರಡಲು ಮನಸ್ಸು ಮಾಡಲಿಲ್ಲ. ಕಟ್ಟೆಯ ಮೇಲಿನ ಧೈರ್ಯ ಸೊಲ್ಲಾಪುರದ ಬೀದಿಗೆ ಸುಲಭವಾಗಿ ಬರಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ತಾವೇ ಮುಲಾಮು ಹಚ್ಚಿಕೊಂಡು, ಬಿಳಿ ಹತ್ತಿಯ ಓಢಣಿ ಹೊದ್ದು ಪಡಸಾಲೆಯಲ್ಲಿ ಬಂದು ನಿಂತರು. "ಅಕ್ಕಲಕೋಟಿಗೆ ಹೋಗಿ ಬರೂನು?"

ಮೊದಲ ಸಿಗ್ನಲ್ಲಿನಲ್ಲೇ ಪಕ್ಕಕ್ಕೆ ನಿಂತ ಆಟೋದಲ್ಲಿದ್ದ ಹೆಂಗಸು ಒಳಗೆ ಇಣುಕಿ ನೋಡಿದಳು. ನಾನು ಕನ್ನಡಿಯಲ್ಲಿ ಅತ್ತೆಯವರನ್ನು ನೋಡಿದೆ. ಅವರೂ ಆಕೆಯನ್ನೇ ನೋಡುತ್ತಿದ್ದರು. ಹಸಿರು ದೀಪ ಬಿತ್ತು. "ಛಲೋ ಸೀರಿ ಉಟ್ಟಾಳ," ಎಂದರು.

ಅಕ್ಕಲಕೋಟೆಯಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ಎರಡು ಜೀಪಿನ ನಡುವೆ ಸಣ್ಣ ಸಂದು ಸಿಕ್ಕಿತು. ಅತ್ತೆಯವರನ್ನು ಮೊದಲು ನೆರಳಿನಲ್ಲಿ ಇಳಿಸಿ, "ಇಲ್ಲೇ ನಿಂದರ್ರಿ," ಎಂದು ಹೇಳಿ, ಕಾರನ್ನು ಹಿಂದೆ ತೆಗೆದುಕೊಂಡೆ. ಹಿಂದಿನ ಗಾಜಿನಲ್ಲಿ ಹೂವಿನ ಬುಟ್ಟಿ, ಮಲಗಿದ್ದ ನಾಯಿ, ಚಪ್ಪಲಿ ಬಿಡುತ್ತಿದ್ದ ಮಂದಿ, ಎಲ್ಲ ಬೇರೆ ಬೇರೆಯಾಗಿ ಕಂಡವು. ನಾಯಿ ಏಳುವವರೆಗೆ ಕಾದು, ಒಂದೇ ಸಲಕ್ಕೆ ನಿಲ್ಲಿಸಿದೆ. ಇಳಿದು ನೋಡಿದರೆ ಅತ್ತೆಯವರು ನಿಂತಲ್ಲಿ ಇಲ್ಲ. ಸುತ್ತ ಹುಡುಕಿದೆ. ತಗಡಿನ ಚಪ್ಪರದ ಕೆಳಗೆ, ಕಬ್ಬಿನ ಹಾಲಿನ ಗಾಣದ ಮುಂದಿನ ಬಾಕಿನ ಮೇಲೆ, ಗುರುತಿಲ್ಲದ ಇಬ್ಬರು ಹೆಂಗಸರ ನಡುವೆ ಕೂತು, ಓಢಣಿ ಕೊರಳಿಗೆ ಇಳಿಸಿಕೊಂಡು, ಯಾವ ಊರಿನವರು ನೀವು ಎಂದು ಅವರನ್ನು ವಿಚಾರಿಸುತ್ತಿದ್ದರು. ನನ್ನನ್ನು ನೋಡಿ, ಇನ್ನೊಂದು ಗ್ಲಾಸು ಹೇಳಿದರು.